ಮನೆಗೊಂದು ಒಲೆ, ಊರಿಗೊಂದು ಅಡುಗೆಮನೆ

1964ರ ಚಳಿಗಾಲ. ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್-ಹೋಯರ್ ಕೆಲವು ಗೆಳೆಯರನ್ನು ಕೂಡಿಸಿಕೊಂಡು ಒಂದು ಸರಳ ಪ್ರಶ್ನೆಯ ಸುತ್ತ ಚರ್ಚೆ ಆರಂಭಿಸಿದರು. ಕೋಪನ್‌ಹೇಗನ್ ನಗರದ ಬಹುಮಹಡಿ ಕಟ್ಟಡಗಳಲ್ಲಿ ಮಕ್ಕಳಿಗೆ ಆಡಲು ನೆಲವಿಲ್ಲ. ಹೊರವಲಯದ ಒಂಟಿ ಬಂಗಲೆಗಳಲ್ಲಿ ನೆಲವಿದೆ, ಆದರೆ ಆಡಲು ಜೊತೆಗಾರರಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಸಂಜೆ ಐದರಿಂದ ಎಂಟರವರೆಗಿನ ಹೊತ್ತು ಎಂದರೆ ಅಡುಗೆ, ಪಾತ್ರೆ, ಅಳುವ ಮಗು. ಇವೆರಡೂ ಅಲ್ಲದ ಮೂರನೆಯ ರೀತಿಯೊಂದು ಇರಲು ಸಾಧ್ಯವಿಲ್ಲವೇ?

ಗೆಳೆಯರು ಮಾತಿನಲ್ಲೇ ನಿಲ್ಲಲಿಲ್ಲ. ನಗರದ ಅಂಚಿನ ಹಾರೆಸ್ಕೋವ್ ಎಂಬಲ್ಲಿ ಜಾಗ ಕೊಂಡರು. ನಡುವೆ ಎಲ್ಲರಿಗೂ ಸೇರಿದ ಒಂದು ಮನೆ, ಒಂದು ಈಜುಕೊಳ, ಸುತ್ತ ಹನ್ನೆರಡು ಮನೆಗಳು. ನಕ್ಷೆ ಸಿದ್ಧವಾಯಿತು. ಆದರೆ ಅಕ್ಕಪಕ್ಕದ ನಿವಾಸಿಗಳು ತಕರಾರು ತೆಗೆದರು. ಅವರು ಮುಂದಿಟ್ಟ ಕಾರಣ ಸ್ವಾರಸ್ಯಕರವಾಗಿದೆ: ಅಷ್ಟೊಂದು ಕುಟುಂಬಗಳು ಒಂದೆಡೆ ಸೇರಿದರೆ ಮಕ್ಕಳ ಗದ್ದಲ ಹೆಚ್ಚುತ್ತದೆ! ಯೋಜನೆ ನೆನೆಗುದಿಗೆ ಬಿತ್ತು, ಜಾಗವನ್ನು ಮಾರಬೇಕಾಯಿತು.

ಗದ್ದಲಕ್ಕೆ ಹೆದರಿದ ಆ ನೆರೆಯವರಿಗೆ ಉತ್ತರವೆಂಬಂತೆ 1967ರಲ್ಲಿ 'ಪೊಲಿಟಿಕನ್' ಎಂಬ ದಿನಪತ್ರಿಕೆಯಲ್ಲಿ ಬೋಡಿಲ್ ಗ್ರೋ ಎಂಬ ಲೇಖಕಿಯ ಲೇಖನವೊಂದು ಪ್ರಕಟವಾಯಿತು. ಅದರ ಶೀರ್ಷಿಕೆ, 'ಮಕ್ಕಳಿಗೆ ನೂರು ಮಂದಿ ತಂದೆ ತಾಯಿಯರಿರಬೇಕು'. ಮಗು ಯಾವ ಮನೆಯ ಬಾಗಿಲು ತಟ್ಟಿದರೂ 'ಬಾ' ಎನ್ನುವವರಿರುವ ಒಂದು ವಸತಿ ಬೇಕು ಎಂಬುದು ಅದರ ಆಶಯ. ಐವತ್ತಕ್ಕೂ ಹೆಚ್ಚು ಕುಟುಂಬಗಳು ಆಸಕ್ತಿ ತೋರಿದವು. ಮರುವರ್ಷ ಗುಡ್ಮಂಡ್-ಹೋಯರ್ ಕೂಡ 'ಇನ್‌ಫರ್ಮೇಶನ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಕನಸಿನ ರಾಜ್ಯಕ್ಕೂ ಹಳತಾಗಿಹೋದ ಒಂಟಿಮನೆಗೂ ನಡುವೆ ಕಳಚಿಹೋಗಿರುವ ಕೊಂಡಿಯ ಮಾತೆತ್ತಿದರು. ಅದಕ್ಕೂ ಪತ್ರಗಳ ಸುರಿಮಳೆ. ಎರಡು ಗುಂಪುಗಳು ಒಂದಾದವು, ಎರಡು ಕಡೆ ಜಾಗ ಹುಡುಕಿದವು. 1972ರಲ್ಲಿ ಹಿಲರೋಡ್ ಪಟ್ಟಣದ ಬಳಿ 27 ಮನೆಗಳ ಸೆಟ್ಟೆದಾಮನ್, 1973ರಲ್ಲಿ ಯೋನ್‌ಸ್ಟ್ರುಪ್ ಎಂಬಲ್ಲಿ 33 ಮನೆಗಳ ಸ್ಕ್ರೋಪ್ಲಾನೆಟ್ ಮೈದಳೆದವು. ಪತ್ರಿಕೆಯ ಪುಟದಲ್ಲಿ ಹುಟ್ಟಿದ ಊರುಗಳು ಜಗತ್ತಿನಲ್ಲಿ ಬಹಳ ಇರಲಾರವು. ಇವೆರಡು ಆ ಜಾತಿಯವು.

ಡೇನರು ಇದನ್ನು 'ಬೋಫೆಲ್ಲೆಸ್ಕಾಬ್' ಎಂದು ಕರೆದರು; ಕೂಡಿ ವಾಸಿಸುವುದು ಎಂದರ್ಥ. ಇಂಗ್ಲಿಷಿನಲ್ಲಿ ಪ್ರಚಾರದಲ್ಲಿರುವ 'ಕೋಹೌಸಿಂಗ್' ಎಂಬ ಹೆಸರು ಕ್ಯಾಥರಿನ್ ಮೆಕ್‌ಕ್ಯಾಮಂಟ್ ಮತ್ತು ಚಾರ್ಲ್ಸ್ ಡ್ಯೂರೆಟ್ ಎಂಬ ಅಮೆರಿಕದ ವಾಸ್ತುಶಿಲ್ಪಿ ದಂಪತಿಗಳು ಕೊಟ್ಟದ್ದು. ಡೆನ್ಮಾರ್ಕಿನ ವಸತಿಗಳಲ್ಲಿ ತಿಂಗಳುಗಟ್ಟಲೆ ಇದ್ದು, ನೋಡಿ, ಉಂಡು, 1988ರಲ್ಲಿ ಅವರು ಬರೆದ ಪುಸ್ತಕ ಈ ಪದವನ್ನು ಹೊರಜಗತ್ತಿಗೆ ದಾಟಿಸಿತು. ಕನ್ನಡದಲ್ಲಿ ಇದನ್ನು 'ಸಹವಾಸ' ಎನ್ನಬಹುದು. 'ಸಾಕಪ್ಪಾ ನಿನ್ನ ಸಹವಾಸ' ಎಂಬ ಬೇಸರವೂ ಆ ಮಾತಿಗೆ ಅಂಟಿಕೊಂಡಿದೆ ಎಂಬುದು ನಿಜ. ಮುಂದೆ ನೋಡುವಂತೆ, ಅದೂ ಅಪ್ರಸ್ತುತವೇನಲ್ಲ.

ಕೂಡುಕುಟುಂಬವಲ್ಲ, ಆಶ್ರಮವೂ ಅಲ್ಲ

ಕನ್ನಡದ ಓದುಗರಿಗೆ ಇದರಲ್ಲಿ ಹೊಸದೇನಿದೆ ಎನಿಸಬಹುದು. ಮೂರು ತಲೆಮಾರು ಒಂದೇ ಸೂರಿನಡಿ ಉಂಡು ಮಲಗಿದ ನೆನಪು ಇಲ್ಲಿ ಇನ್ನೂ ಹಸಿರಾಗಿದೆ. ಆದರೆ ಹೋಲಿಕೆ ಹೊರಗಿನದು ಮಾತ್ರ. ಅವಿಭಕ್ತ ಕುಟುಂಬದಲ್ಲಿ ರಕ್ತಸಂಬಂಧವಿದೆ, ಯಜಮಾನನಿದ್ದಾನೆ, ಆಸ್ತಿ ಒಟ್ಟಿಗಿದೆ. ಸಹವಾಸ ವಸತಿಯಲ್ಲಿ ಈ ಮೂರೂ ಇಲ್ಲ. ಇಲ್ಲಿ ಸೇರುವವರು ಅಪರಿಚಿತರು. ಪ್ರತಿಯೊಬ್ಬರ ಸಂಬಳ ಅವರವರದು, ಬ್ಯಾಂಕ್ ಪುಸ್ತಕ ಅವರವರದು. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ. ಅಂಗಳ, ತೋಟ, ಆಟದ ಬಯಲು, ಬಟ್ಟೆ ಒಗೆಯುವ ಯಂತ್ರ, ಮರಗೆಲಸದ ಕೊಠಡಿ, ಅತಿಥಿಗಳ ಕೋಣೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ದೊಡ್ಡ ಅಡುಗೆಮನೆ ಮತ್ತು ಊಟದ ಹಜಾರ ಎಲ್ಲರದು. ಈ ಹಜಾರವಿರುವ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ 'ಕಾಮನ್ ಹೌಸ್' ಎಂದು ಹೆಸರು. ಸಮುದಾಯ ಭವನ ಎಂದರೆ ಮದುವೆಯ ಛತ್ರ ಕಣ್ಣಮುಂದೆ ಬರುವುದರಿಂದ ಇದನ್ನು ಕೂಡುಮನೆ ಎನ್ನುವುದು ವಾಸಿ.

ಅಣ್ಣತಮ್ಮಂದಿರು ಹಿಸ್ಸೆಯಾದಾಗ ನಮ್ಮ ಹಳ್ಳಿಗಳಲ್ಲಿ 'ಒಲೆ ಬೇರೆಯಾಯಿತು' ಎನ್ನುವುದುಂಟು. ಭಾರತದ ಜನಗಣತಿಯವರೂ ಇದನ್ನೇ ಅಳತೆಗೋಲಾಗಿ ಹಿಡಿದಿದ್ದಾರೆ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಈ ಲೆಕ್ಕ ಹಿಡಿದು ಸೆಟ್ಟೆದಾಮನ್‌ಗೆ ಹೋದ ಗಣತಿದಾರ ಪೇಚಿಗೆ ಸಿಲುಕುತ್ತಾನೆ. ಒಲೆ ಬೇರೆಯೂ ಹೌದು, ಒಂದೂ ಹೌದು. ಮನಸ್ಸಿದ್ದ ದಿನ ಹಜಾರದ ಊಟ, ಇಲ್ಲದ ದಿನ ಮನೆಯ ಬಾಗಿಲು ಹಾಕಿಕೊಂಡು ಸಾರು ಅನ್ನ. ಡೇನರ ನಿಜವಾದ ಶೋಧ ಇದು. ಕೂಡಿ ಬಾಳುವುದನ್ನು ಅವರು ಕಂಡುಹಿಡಿಯಲಿಲ್ಲ. ಕೂಡಿದ್ದೂ ಬಾಗಿಲು ಹಾಕಿಕೊಳ್ಳುವ ಹಕ್ಕನ್ನು ಉಳಿಸಿಕೊಳ್ಳುವ ಬಗೆಯನ್ನು ಕಂಡುಹಿಡಿದರು.

ಹಳೆಯ ಬೇರುಗಳು

ಗುಡ್ಮಂಡ್-ಹೋಯರ್ ಓದಿಕೊಂಡಿದ್ದ ಪುಸ್ತಕಗಳಲ್ಲಿ ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ 'ಯುಟೋಪಿಯ' ಒಂದು. ಆ ಕಲ್ಪನೆಯ ದ್ವೀಪದಲ್ಲಿ ಮೂವತ್ತು ಕುಟುಂಬಗಳಿಗೆ ಒಂದರಂತೆ ಊಟದ ಸಭಾಂಗಣಗಳಿವೆ. ಸೆಟ್ಟೆದಾಮನ್‌ನ 27, ಸ್ಕ್ರೋಪ್ಲಾನೆಟ್‌ನ 33, ಮುಂದೆ ಅಮೆರಿಕದಲ್ಲಿ ಕಟ್ಟಿದ ವಸತಿಯೊಂದರ 30 ಎಂಬ ಸಂಖ್ಯೆಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ನಾಲ್ಕೂವರೆ ಶತಮಾನಗಳ ಹಿಂದಿನ ಆ ಊಹೆಗೆ ತಲೆದೂಗಬೇಕೆನಿಸುತ್ತದೆ. ಮೂವತ್ತು ಮನೆ ಎಂದರೆ ಎಲ್ಲರ ಹೆಸರೂ ನೆನಪಿರುವಷ್ಟು ಚಿಕ್ಕದು, ಒಬ್ಬಿಬ್ಬರ ಮೇಲೆ ಮುನಿಸಿಕೊಂಡೂ ಇರಬಹುದಾದಷ್ಟು ದೊಡ್ಡದು.

ಮೋರ್‌ನ ದ್ವೀಪ ಕಾಗದದ ಮೇಲಿನದು. ಇಟ್ಟಿಗೆ ಗಾರೆಯ ಪ್ರಯೋಗ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ. ಗ್ವೀಸ್ ಎಂಬ ಊರಿನಲ್ಲಿ ಜಾನ್-ಬ್ಯಾಪ್ಟಿಸ್ಟ್ ಗೊದ್ಯಾನ್ ಎಂಬ ಉದ್ಯಮಿ 1859ರಿಂದ ತನ್ನ ಕಾರ್ಮಿಕರಿಗಾಗಿ 'ಫ್ಯಾಮಿಲಿಸ್ಟೇರ್' ಎಂಬ ಭಾರೀ ವಸತಿಯನ್ನು ಕಟ್ಟಿಸಿದ. ಗಾಜಿನ ಮಾಡಿನ ಅಂಗಳ, ಶಾಲೆ, ನಾಟಕಶಾಲೆ, ಅಂಗಡಿ ಎಲ್ಲ ಅಲ್ಲಿದ್ದವು. ಆತ ಎರಕದ ಕಬ್ಬಿಣದ ಒಲೆಗಳನ್ನು ತಯಾರಿಸಿ ಶ್ರೀಮಂತನಾದವನು. ಹಾಗಾಗಿಯೋ ಏನೋ, ಒಂದೇ ಒಲೆಯ ಮೋಹಕ್ಕೆ ಬೀಳದೆ ಪ್ರತಿ ಕುಟುಂಬವನ್ನೂ ಅದರದರ ಪಾಡಿಗೆ ಬಿಟ್ಟ. 1880ರಲ್ಲಿ ಸಹಕಾರಿ ಸಂಘವಾದ ಈ ಸಂಸ್ಥೆ ಮುಚ್ಚಿದ್ದು 1968ರಲ್ಲಿ. ಗುಡ್ಮಂಡ್-ಹೋಯರ್ ತಮ್ಮ ಲೇಖನ ಬರೆದ ವರ್ಷವೂ ಅದೇ ಎಂಬುದು ಕಾಕತಾಳೀಯ.

ಇನ್ನೂ ಹತ್ತಿರದ ಪೂರ್ವಜ ಸ್ವೀಡನ್ನಿನಲ್ಲಿದೆ. 1935ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯಸ್, ಸಮಾಜ ಚಿಂತಕಿ ಆಲ್ವಾ ಮಿರ್ಡಾಲ್ ಅವರ ವಿಚಾರಗಳನ್ನು ಅನುಸರಿಸಿ ಒಂದು ಸಾಮೂಹಿಕ ಕಟ್ಟಡ ಕಟ್ಟಿದರು. ದುಡಿಯುವ ಹೆಂಗಸರ ಮನೆಗೆಲಸ ಕಡಿಮೆಯಾಗಲೆಂದು ನೆಲಮಹಡಿಯಲ್ಲಿ ಊಟದ ಮನೆ, ಶಿಶುವಿಹಾರ. ಕೆಳಗೆ ಬೇಯಿಸಿದ ಊಟವನ್ನು ಪುಟ್ಟ ಲಿಫ್ಟ್‌ನಲ್ಲಿಟ್ಟು ನೇರ ಮೇಲಿನ ಮನೆಗಳಿಗೆ ಕಳಿಸುವ ಏರ್ಪಾಡಿತ್ತು. ಆದರೆ ಅಡುಗೆ ಮಾಡುತ್ತಿದ್ದವರು ಸಂಬಳದ ಆಳುಗಳು. ಹಾಗಾಗಿ ಅದು ಒಳ್ಳೆಯ ಹೋಟೆಲಿನಂತೆ ನಡೆಯಿತೇ ಹೊರತು, ಅಕ್ಕಪಕ್ಕದವರು ಅಪರಿಚಿತರಾಗಿ ಉಳಿಯುವುದಕ್ಕೆ ಅಡ್ಡಿಯಾಗಲಿಲ್ಲ. ಡೇನರು ಮಾಡಿದ ಬದಲಾವಣೆ ಒಂದೇ: ಅಡುಗೆಯವರನ್ನು ಕೈಬಿಟ್ಟು ಸೌಟನ್ನು ನಿವಾಸಿಗಳ ಕೈಗೇ ಕೊಟ್ಟರು. ಇಡೀ ವ್ಯವಸ್ಥೆಯ ಗುಟ್ಟು ಇರುವುದು ಈ ಒಂದು ಬದಲಾವಣೆಯಲ್ಲಿ.

ಡೆನ್ಮಾರ್ಕಿನಲ್ಲೇ ಇದು ಚಿಗುರಿದ್ದಕ್ಕೆ ಅಲ್ಲಿನ ಹಳ್ಳಿಗಳ ಇತಿಹಾಸವೂ ಕಾರಣ. 1882ರಲ್ಲಿ ಜುಟ್ಲಂಡಿನ ಹೆಡ್ಡಿಂಗ್ ಎಂಬ ಊರಿನಲ್ಲಿ ರೈತರು ಮೊದಲ ಸಹಕಾರಿ ಡೇರಿಯನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ಹಾಲು, ಹಂದಿಮಾಂಸ, ಮೊಟ್ಟೆ, ಗೊಬ್ಬರ, ಕೊನೆಗೆ ಸಾಲದ ವ್ಯವಹಾರವೂ ಸಂಘಗಳ ಕೈಗೆ ಬಂತು. ಮತ ಹಾಕುವಾಗ ಲೆಕ್ಕಕ್ಕೆ ಬರಬೇಕಾದ್ದು ಮನುಷ್ಯರ ತಲೆಯೇ ಹೊರತು ದನಗಳ ತಲೆಯಲ್ಲ ಎಂಬುದು ಆ ಚಳವಳಿಯ ಪ್ರಸಿದ್ಧ ಮಾತು. ನೂರು ಹಸುವಿನ ಧಣಿಗೂ ಎರಡು ಹಸುವಿನ ಬಡವನಿಗೂ ಒಂದೊಂದೇ ಮತ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆ ಬಲ್ಲವರಿಗೆ ಈ ಮಾತಿನ ತೂಕ ಗೊತ್ತು. ಲೆಕ್ಕಪತ್ರ ಇಡುವುದು, ಸಭೆ ಕರೆಯುವುದು, ಒಪ್ಪದವನ ಮಾತನ್ನು ಕೊನೆಯವರೆಗೆ ಕೇಳುವುದು, ಇವೆಲ್ಲ ಡೇನರಿಗೆ ಅಜ್ಜಂದಿರ ಕಾಲದಿಂದ ಬಂದ ಅಭ್ಯಾಸ. 1970ರ ದಶಕದ ಯುವಕರು ಹಾಲಿನ ಬದಲು ಮನೆಗೆ ಅದನ್ನು ಅನ್ವಯಿಸಿದರು ಅಷ್ಟೆ.

ಎಣ್ಣೆ ತುಟ್ಟಿಯಾದಾಗ

ಮೊದಲ ವಸತಿಗಳನ್ನು ಕಟ್ಟಿದವರ ತಲೆಯಲ್ಲಿ ಇದ್ದದ್ದು ಮಕ್ಕಳು, ಪರಿಸರವಲ್ಲ. ಮನೆಗಳು ದೊಡ್ಡವೇ ಇದ್ದವು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ಕೊಳಾಯಿ ತಿರುಗಿಸಿದಾಗ ಡೆನ್ಮಾರ್ಕ್ ತತ್ತರಿಸಿತು. ಅದರ ಇಂಧನದ ಬಹುಪಾಲು ಹೊರದೇಶದ ಎಣ್ಣೆಯಾಗಿತ್ತು. ಆ ವರ್ಷದ ನವೆಂಬರ್ 25ರಿಂದ ಭಾನುವಾರಗಳಂದು ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು. ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು. ಒಂಟಿ ಬಂಗಲೆಯ ನಾಲ್ಕು ಗೋಡೆಗಳೂ ಚಳಿಗೆ ಮೈಯೊಡ್ಡಿ ನಿಂತಿರುತ್ತವೆ, ಒಂದಕ್ಕೊಂದು ಅಂಟಿಕೊಂಡ ಮನೆಗಳು ಪರಸ್ಪರ ಬೆಚ್ಚಗಿರುತ್ತವೆ ಎಂಬ ಸಾಮಾನ್ಯ ಜ್ಞಾನಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು.

ಮುಂದಿನ ಹತ್ತು ವರ್ಷಗಳಲ್ಲಿ ಸಹವಾಸ ವಸತಿಗಳ ರೂಪ ಬದಲಾಯಿತು. ಸ್ವಂತ ಮನೆ ಕಿರಿದಾಗುತ್ತ, ಕೂಡುಮನೆ ಹಿರಿದಾಗುತ್ತ ಬಂತು. ವರ್ಷಕ್ಕೆ ನಾಲ್ಕು ಬಾರಿ ಬರುವ ನೆಂಟರಿಗಾಗಿ ಪ್ರತಿ ಮನೆಯಲ್ಲೂ ಒಂದೊಂದು ಕೋಣೆ ಏಕೆ? ಮೂವತ್ತು ಮನೆಗೆ ಮೂವತ್ತು ಹುಲ್ಲು ಕತ್ತರಿಸುವ ಯಂತ್ರ ಏಕೆ? ಕೋಪನ್‌ಹೇಗನ್ನಿನ ಉತ್ತರಕ್ಕೆ ಬಿರ್ಕರೋಡ್ ಎಂಬಲ್ಲಿ 1981ರಲ್ಲಿ ಮುಗಿದ 33 ಮನೆಗಳ ಟ್ರುದೆಸ್ಲುಂಡ್ ಈ ಚಿಂತನೆಯ ಮಾದರಿ ಎನ್ನಬಹುದು. ಅಲ್ಲಿ ಕಾರುಗಳನ್ನು ಊರಂಚಿನಲ್ಲೇ ನಿಲ್ಲಿಸಬೇಕು. ಒಳಗೆಲ್ಲ ಕಾಲುದಾರಿ. ಆ ದಾರಿಯಲ್ಲಿ ಮಕ್ಕಳು ನಿರ್ಭಯವಾಗಿ ಉರುಳಾಡುತ್ತಾರೆ, ದೊಡ್ಡವರು ಮನೆ ಸೇರುವ ಮೊದಲು ನಾಲ್ವರನ್ನಾದರೂ ಮಾತಾಡಿಸಲೇಬೇಕಾಗುತ್ತದೆ. ಇಂಥ ವಸತಿಗಳಲ್ಲಿ ಅಡುಗೆಮನೆಯ ಕಿಟಕಿಯನ್ನು ದಾರಿಯ ಕಡೆಗೇ ಇಡುವುದು ವಾಡಿಕೆ. ಪಾತ್ರೆ ತೊಳೆಯುತ್ತ ಹೊರಗೆ ಆಡುವ ಮಗುವಿನ ಮೇಲೂ, ಹಜಾರದ ಕಡೆ ಹೊರಟ ನೆರೆಯವರ ಮೇಲೂ ಕಣ್ಣಿಡಬಹುದು. ಊರ ಜಗುಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಿಟಕಿ ಮಾಡುತ್ತದೆ.

ಇದೇ ಕಾಲದಲ್ಲಿ ಕೆಲವರು ಇನ್ನೂ ಮುಂದೆ ಹೋಗಿ ಹಳ್ಳಿಗೇ ನಡೆದರು. 1978ರಲ್ಲಿ ಒಂದು ಗುಂಪು ಕೋಪನ್‌ಹೇಗನ್ನಿನಿಂದ ಪಶ್ಚಿಮಕ್ಕೆ, ಸ್ಕಿಬಿ ಎಂಬ ಊರಿನ ಬಳಿ, ಸ್ವಾನ್‌ಹೋಲ್ಮ್ ಎಂಬ ಹಳೆಯ ಜಮೀನ್ದಾರಿ ಬಂಗಲೆಯನ್ನೂ ಅದರ ನೂರಾರು ಹೆಕ್ಟೇರ್ ಹೊಲ ಕಾಡುಗಳನ್ನೂ ಕೊಂಡಿತು. ಅಲ್ಲಿ ದುಡಿಮೆಯ ಹಣವೂ ಒಂದೇ ಹುಂಡಿಗೆ. ಹೊರಗೆ ನೌಕರಿ ಮಾಡುವ ವೈದ್ಯನ ಸಂಬಳವೂ ಕೊಟ್ಟಿಗೆಯಲ್ಲಿ ಹಾಲು ಕರೆಯುವವನ ಗಳಿಕೆಯೂ ಅಲ್ಲಿ ಸೇರಿ, ಊಟ ವಸತಿಯ ಖರ್ಚು ಅಲ್ಲಿಂದಲೇ ನಡೆಯುತ್ತದೆ. ರಾಸಾಯನಿಕ ಗೊಬ್ಬರ, ಕೀಟನಾಶಕಗಳನ್ನು ಬಿಟ್ಟು ಬೇಸಾಯ ಮಾಡಿದ ಸ್ವಾನ್‌ಹೋಲ್ಮ್, ಡೆನ್ಮಾರ್ಕಿನ ಸಾವಯವ ಕೃಷಿಯ ಮೊದಲಿಗರಲ್ಲಿ ಒಂದೆಂದು ಹೆಸರಾಯಿತು. ಆದರೆ ಹುಂಡಿ ಒಂದಾಗಿರುವ ಈ ಮಾದರಿಯನ್ನು ಅನುಸರಿಸಿದವರು ವಿರಳ. ನೂರಾರು ಸಂಖ್ಯೆಯಲ್ಲಿ ಹಬ್ಬಿದ್ದು ಒಲೆ ಒಂದು, ಹುಂಡಿ ಬೇರೆ ಎಂಬ ಮಧ್ಯಮ ಮಾರ್ಗವೇ. ಮನುಷ್ಯ ಅನ್ನವನ್ನು ಹಂಚಿಕೊಂಡಷ್ಟು ಸುಲಭವಾಗಿ ಕಾಸನ್ನು ಹಂಚಿಕೊಳ್ಳಲಾರ.

ಇಥಾಕದ ಗುಡ್ಡದ ಮೇಲೆ

ಅಟ್ಲಾಂಟಿಕ್ ದಾಟಿದ ಈ ವಿಚಾರ ಅಮೆರಿಕದಲ್ಲಿ ಮೊದಲು ನೆಲೆಗೊಂಡದ್ದು ಕ್ಯಾಲಿಫೋರ್ನಿಯದ ಡೇವಿಸ್ ಪಟ್ಟಣದಲ್ಲಿ. 1991ರಲ್ಲಿ ಅಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ತಲೆಯೆತ್ತಿತು. ಆದರೆ ಸಹವಾಸವನ್ನೂ ಬೇಸಾಯವನ್ನೂ ಪರಿಸರವನ್ನೂ ಒಟ್ಟಿಗೆ ಹೆಣೆಯಲು ಹೊರಟದ್ದು ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಇಥಾಕದಲ್ಲಿ. 1990ರಲ್ಲಿ ಪರಿಸರ ಜಾಗೃತಿಗಾಗಿ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿನವರೆಗೆ ದೀರ್ಘ ಪಾದಯಾತ್ರೆಯೊಂದು ನಡೆಯಿತು. ಅದರ ಸಂಘಟಕರಾದ ಜೋನ್ ಬೊಕೇರ್ ಮತ್ತು ಲಿಜ್ ವಾಕರ್ ಎಂಬ ಇಬ್ಬರು ಮಹಿಳೆಯರು, ನಡೆದು ಬೋಧಿಸಿದ್ದು ಸಾಕು, ಒಂದು ಕಡೆ ನಿಂತು ಬದುಕಿ ತೋರಿಸೋಣ ಎಂದು ಹೊರಟರು. 1991ರಲ್ಲಿ ಕೆಲಸ ಆರಂಭವಾಯಿತು. ಮರುವರ್ಷ ಪಟ್ಟಣದ ಪಶ್ಚಿಮದ ಗುಡ್ಡದ ಮೇಲೆ ಸುಮಾರು 175 ಎಕರೆ ಜಮೀನನ್ನು ಸಾಲ ಮಾಡಿ ಕೊಂಡರು. 'ಇಕೋವಿಲೇಜ್' ಎಂದು ಹೆಸರಿಟ್ಟರು.

ಆ ಜಮೀನಿಗೆ ಮೊದಲೇ ಒಬ್ಬ ಬಿಲ್ಡರ್ ಕಣ್ಣು ಹಾಕಿದ್ದ. ಎಕರೆಗೊಂದರಂತೆ ನೂರೈವತ್ತು ಮನೆ ಕಟ್ಟುವ ಅವನ ನಕ್ಷೆಯಲ್ಲಿ ಖಾಲಿ ಉಳಿಯುತ್ತಿದ್ದುದು ಶೇಕಡ ಹತ್ತರಷ್ಟು ನೆಲ. ಇಕೋವಿಲೇಜಿನವರು ಅದನ್ನು ತಲೆಕೆಳಗು ಮಾಡಿದರು. ಶೇಕಡ ಹತ್ತರಷ್ಟು ನೆಲದಲ್ಲಿ ಮನೆಗಳನ್ನು ಒತ್ತಾಗಿ ಕಟ್ಟಿ, ಉಳಿದದ್ದನ್ನು ಹೊಲ, ಹುಲ್ಲುಗಾವಲು, ಕಾಡಿಗೆ ಬಿಟ್ಟರು. ಆದರೆ ಒತ್ತಾಗಿ ಕಟ್ಟುವುದನ್ನೇ ಅಲ್ಲಿನ ಕಾನೂನು ಒಪ್ಪುತ್ತಿರಲಿಲ್ಲ. ಗ್ರಾಮೀಣ ಪ್ರದೇಶ ಎಂದರೆ ದೂರದೂರ ಮನೆ ಎಂಬುದು ನಿಯಮ. ಜಮೀನನ್ನು ಹಾಳುಮಾಡುವ ನಕ್ಷೆಗೆ ಕಾನೂನಿನಲ್ಲಿ ಸಲೀಸು ದಾರಿ, ಉಳಿಸುವ ನಕ್ಷೆಗೆ ವಿಶೇಷ ಪರವಾನಗಿ! ಅದನ್ನು ಪಡೆಯಲು ವರ್ಷಗಳೇ ಹಿಡಿದವು.

1996ರ ಶರತ್ಕಾಲದಲ್ಲಿ ಮೊದಲ ಕುಟುಂಬಗಳು ಬಂದು ಸೇರುತ್ತಿದ್ದಂತೆ, ನವೆಂಬರಿನಲ್ಲಿ ಬೆಂಕಿ ಬಿತ್ತು. ಕಟ್ಟುತ್ತಿದ್ದ ಎಂಟು ಮನೆಗಳೂ ಕೂಡುಮನೆಯೂ ಸುಟ್ಟುಹೋದವು. ಊಟದ ಹಜಾರವೇ ಇಲ್ಲದೆ ಸಹವಾಸ ಆರಂಭವಾಯಿತು. ಮನೆ ಸಿದ್ಧವಿದ್ದವರು ಇಲ್ಲದವರಿಗೆ ಜಾಗ ಮಾಡಿಕೊಟ್ಟರು. ಸುಟ್ಟದ್ದನ್ನು ಮತ್ತೆ ಕಟ್ಟಿ ಮೊದಲ ಕೇರಿಯ 30 ಮನೆಗಳು ಪೂರ್ಣಗೊಂಡದ್ದು 1997ರಲ್ಲಿ. ಎರಡೆರಡು ಮನೆಗಳು ಒಂದು ಗೋಡೆಯನ್ನು ಹಂಚಿಕೊಂಡು ಕಾಲುದಾರಿಯ ಎರಡೂ ಬದಿಗೆ ಸಾಲಾಗಿ ನಿಂತಿವೆ. ಹಿಮ ಬೀಳುವ ಆ ಸೀಮೆಯಲ್ಲಿ ಚಳಿಗಾಲದ ಸೂರ್ಯ ದಕ್ಷಿಣದ ಅಂಚಿನಲ್ಲಿ ಕೆಳಗೇ ಸಾಗುತ್ತಾನೆ. ಆದ್ದರಿಂದ ದೊಡ್ಡ ಕಿಟಕಿಗಳೆಲ್ಲ ದಕ್ಷಿಣಕ್ಕೆ. ಬಿಸಿಲು ನೇರ ಒಳಗೆ ಬಂದು ನೆಲವನ್ನು ಕಾಯಿಸುತ್ತದೆ. ನೀರು ಕಾಯಿಸುವ ಮತ್ತು ಮನೆ ಬೆಚ್ಚಗಿಡುವ ಬಾಯ್ಲರ್ ಮನೆಗೊಂದಲ್ಲ, ಕೆಲವು ಮನೆಗಳ ಗುಂಪಿಗೊಂದು.

ಹೊಲದ ವ್ಯವಸ್ಥೆಯೂ ಗಮನಾರ್ಹ. ಗುಡ್ಡದ ಮೇಲಿನ ಸುಮಾರು ಹತ್ತು ಎಕರೆಯಲ್ಲಿ ವೆಸ್ಟ್ ಹೇವನ್ ಎಂಬ ಸಾವಯವ ತೋಟ ಬೆಳೆಯಿತು. ಚಂದಾದಾರರು ಬಿತ್ತನೆಗೆ ಮುಂಚೆಯೇ ಇಡೀ ಋತುವಿನ ಹಣ ಕೊಟ್ಟುಬಿಡುತ್ತಾರೆ. ಪ್ರತಿಯಾಗಿ ಬೇಸಗೆಯಿಂದ ವಾರವಾರವೂ ತರಕಾರಿಯ ಪಾಲು. ಆಲಿಕಲ್ಲು ಬಿದ್ದರೆ ಪಾಲು ಕಿರಿದು, ಫಸಲು ಚೆನ್ನಾದರೆ ಹಿರಿದು. ಮಾರುಕಟ್ಟೆಯ ಜೂಜಿನಿಂದ ರೈತ ಪಾರಾದ, ನಷ್ಟದಲ್ಲಿ ಉಣ್ಣುವವರೂ ಪಾಲುದಾರರಾದರು. ಪತ್ರಿಕೆಗೆ ವರ್ಷದ ಚಂದಾ ಕಟ್ಟುವ ಓದುಗನಿಗೆ ಈ ಏರ್ಪಾಡು ಬೇಗ ಅರ್ಥವಾದೀತು.

ಸೌಟಿನ ಸರದಿ

ಇಂಥ ಊರಿನ ದಿನಚರಿ ತಿಳಿಯಬೇಕಾದರೆ ಕೂಡುಮನೆಯ ಗೋಡೆಗೆ ಅಂಟಿಸಿದ ಪಟ್ಟಿಯನ್ನು ನೋಡಬೇಕು. ಮೂವತ್ತು ಮನೆ, ಸುಮಾರು ಅರವತ್ತು ಮಂದಿ ವಯಸ್ಕರು. ದಿನಕ್ಕೆ ಇಬ್ಬರು ಅಡುಗೆಗೆ ನಿಂತರೆ ಒಬ್ಬರ ಸರದಿ ಬರುವುದು ತಿಂಗಳಿಗೊಮ್ಮೆ. ಆ ದಿನ ಮಧ್ಯಾಹ್ನ ಮೂರು ಗಂಟೆಗೇ ಕಚೇರಿಯಿಂದ ಬಂದು ಐವತ್ತು ಜನಕ್ಕೆ ಬೇಯಿಸಬೇಕು, ಬೆವರಿಳಿಯುತ್ತದೆ ನಿಜ. ಪ್ರತಿಯಾಗಿ ಉಳಿದ ದಿನಗಳ ಸಂಜೆ ಬಿಡುವು. ಉಣ್ಣುವವರು ಮುಂಚಿತವಾಗಿ ಪಟ್ಟಿಯಲ್ಲಿ ಹೆಸರು ಬರೆದು, ಊಟಕ್ಕಿಷ್ಟೆಂದು ಖರ್ಚು ಹಂಚಿಕೊಳ್ಳುತ್ತಾರೆ. ಟ್ರುದೆಸ್ಲುಂಡಿನಂಥ ಕಡೆ ಈ ಊಟ ಹೆಚ್ಚುಕಡಿಮೆ ದಿನವೂ ಇತ್ತು. ಇಥಾಕದಲ್ಲಿ ವಾರಕ್ಕೆ ಕೆಲವು ದಿನ ಮಾತ್ರ. ಮಕ್ಕಳು ಗಬಗಬ ತಿಂದು ಪಕ್ಕದ ಆಟದ ಕೋಣೆಗೆ ಓಡುತ್ತವೆ. ದೊಡ್ಡವರು ಬಿಸಿ ಕಾಫಿಯನ್ನು ಬಿಸಿಯಾಗಿದ್ದಾಗಲೇ ಕುಡಿಯುತ್ತಾರೆ. ಚಿಕ್ಕ ಮಕ್ಕಳ ತಾಯಂದಿರಿಗೆ ಇದು ಎಷ್ಟು ದೊಡ್ಡ ಸುಖ ಎಂಬುದನ್ನು ವಿವರಿಸಬೇಕಿಲ್ಲ.

ಸರದಿಯ ಇನ್ನೊಂದು ಗುಣ, ಅದು ಗಂಡು ಹೆಣ್ಣು ನೋಡುವುದಿಲ್ಲ. ಮನೆಯೊಳಗೆ ಸೌಟು ಹಿಡಿಯದ ಗಂಡಸು 'ತಲೆನೋವು' ಎಂದು ಹೆಂಡತಿಯ ಹಿಂದೆ ಅವಿತುಕೊಳ್ಳಬಹುದು. ಪಟ್ಟಿಯ ಮುಂದೆ ಐವತ್ತು ಮಂದಿ ಹಸಿದು ಕುಳಿತಿರುವಾಗ ಆ ಆಟ ನಡೆಯದು. 1970ರ ದಶಕದ ಹೆಣ್ಣುಮಕ್ಕಳ ಚಳವಳಿ ಭಾಷಣದಲ್ಲಿ ಕೇಳಿದ್ದನ್ನು ಒಂದು ಕಾಗದದ ಹಾಳೆ ಸದ್ದಿಲ್ಲದೆ ಸಾಧಿಸಿತು ಎಂದರೆ ಉತ್ಪ್ರೇಕ್ಷೆಯಾಗದು.

ಅಡುಗೆ ಒಂದೇ ಅಲ್ಲ. ಇಥಾಕದಲ್ಲಿ ಪ್ರತಿಯೊಬ್ಬ ವಯಸ್ಕರೂ ವಾರಕ್ಕೆ ಎರಡು ಮೂರು ಗಂಟೆ ಊರ ಕೆಲಸಕ್ಕೆ ಕೊಡಬೇಕೆಂಬ ಒಪ್ಪಂದವಿದೆ. ಪಾತ್ರೆ, ಹಿಮ ಗುಡಿಸುವುದು, ಕಟ್ಟಡ ದುರಸ್ತಿ, ಲೆಕ್ಕಪತ್ರ, ಹೀಗೆ ತಂಡಗಳು. ಜಗಳ ಹುಟ್ಟುವುದೂ ಇಲ್ಲಿಂದಲೇ. ತಿಂಗಳುಗಟ್ಟಲೆ ಪಾತ್ರೆ ತೊಳೆಯದವನಿಗೆ ಏನು ಶಿಕ್ಷೆ? ಶಿಕ್ಷೆ ಎಂದಕೂಡಲೇ ಯಜಮಾನ ಬೇಕಾಗುತ್ತದೆ, ಯಜಮಾನ ಇಲ್ಲಿಲ್ಲ. ನಾಯಿಗೆ ಕಟ್ಟು ಹಾಕಬೇಕೆ, ಹಜಾರದಲ್ಲಿ ಮಾಂಸ ಬೇಯಿಸಬಹುದೆ, ಕಾರು ಮನೆಯ ಬಾಗಿಲಿಗೆ ಬರಬಹುದೆ, ಎಲ್ಲವೂ ಸಭೆಗೆ ಬರುತ್ತವೆ. ಸಭೆಯಲ್ಲಿ ಮತಕ್ಕಿಂತ ಒಮ್ಮತಕ್ಕೆ ಮರ್ಯಾದೆ. ಕೆಲವು ವಸತಿಗಳಲ್ಲಿ ಬಣ್ಣದ ಚೀಟಿ ಎತ್ತಿ ಸರದಿಯಂತೆ ಮಾತಾಡುವ ಪದ್ಧತಿಯಿದೆ. ಒಮ್ಮತ ಎಂದರೆ ಎಲ್ಲರಿಗೂ ಇಷ್ಟ ಎಂದಲ್ಲ, ಇದರೊಂದಿಗೆ ನಾನು ಬಾಳಬಲ್ಲೆ ಎಂದಷ್ಟೇ. ಅಷ್ಟನ್ನು ತಲುಪಲೂ ರಾತ್ರಿ ಹತ್ತಾಗುತ್ತದೆ. ಸಭೆಗಳಿಂದ ಬೇಸತ್ತು ಮನೆ ಮಾರಿ ಹೊರಟವರೂ ಉಂಟು. ಕನ್ನಡದ 'ಸಾಕಪ್ಪಾ ಸಹವಾಸ' ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಹೀಗಿದ್ದೂ ಈ ವಸತಿಗಳು ಉಳಿದವು. 1960 ಮತ್ತು 70ರ ದಶಕಗಳಲ್ಲಿ ಅಮೆರಿಕ ಯುರೋಪುಗಳಲ್ಲಿ ಹುಟ್ಟಿದ ಕೂಡುಜೀವನದ ಪ್ರಯೋಗಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಚದುರಿಹೋದವು. ಅವು ಪ್ರೀತಿ, ಸಿದ್ಧಾಂತ ಅಥವಾ ಗುರುವನ್ನು ನೆಚ್ಚಿದ್ದವು. ಸಹವಾಸ ವಸತಿ ನೆಚ್ಚಿದ್ದು ಅಡುಗೆಯ ಪಟ್ಟಿಯನ್ನು. ನೆರೆಯವನನ್ನು ಪ್ರೀತಿಸಬೇಕೆಂಬ ಕರಾರು ಇಲ್ಲಿಲ್ಲ. ಮಂಗಳವಾರ ಅವನ ಜೊತೆ ಈರುಳ್ಳಿ ಹೆಚ್ಚಿದರೆ ಸಾಕು. ಸೆಟ್ಟೆದಾಮನ್ ಐವತ್ತು ವರ್ಷ ದಾಟಿದ್ದರ ಹಿಂದೆ ಇದಕ್ಕಿಂತ ದೊಡ್ಡ ರಹಸ್ಯವನ್ನು ಹುಡುಕಬೇಕಿಲ್ಲ.

ಬಾಗಿಲ ಹೊರಗೆ ನಿಂತವರು

ಎದುರಿಸಲಾಗದ ಪ್ರಶ್ನೆ ಬೇರೆಯೇ ಇದೆ. ಈ ಊರಿನೊಳಗೆ ಬರಬಲ್ಲವರು ಯಾರು? ಜಮೀನು ಕೊಳ್ಳಬೇಕು, ವರ್ಷಗಟ್ಟಲೆ ಸಭೆ ನಡೆಸಬೇಕು, ಮನೆಯ ಪಾಲಿನ ಹಣ ಮುಂಗಡ ಹೂಡಬೇಕು. ಇದಕ್ಕೆ ಕಾಸೂ ಬೇಕು, ಬಿಡುವೂ ಬೇಕು, ಸಭೆಯಲ್ಲಿ ಮಾತಾಡುವ ಅಭ್ಯಾಸವೂ ಬೇಕು. ಹಾಗಾಗಿ ಮೊದಲಿನಿಂದಲೂ ಇಲ್ಲಿ ಸೇರಿದವರು ಶಿಕ್ಷಕರು, ವಾಸ್ತುಶಿಲ್ಪಿಗಳು, ದಾದಿಯರು, ಎಂಜಿನಿಯರುಗಳು, ಅಂದರೆ ಓದಿದ ಮಧ್ಯಮವರ್ಗದವರು. ಅಮೆರಿಕದಲ್ಲಿ ಹೆಚ್ಚಾಗಿ ಬಿಳಿಯರು. ವಸತಿ ಚೆನ್ನಾಗಿ ನಡೆದಷ್ಟೂ ಮನೆಯ ಬೆಲೆ ಏರುತ್ತದೆ, ಬಾಗಿಲು ಇನ್ನಷ್ಟು ಕಿರಿದಾಗುತ್ತದೆ. ಹಂಚಿಕೊಳ್ಳುವ ಮಂದಿಗೂ ಹಂಚಿಕೊಳ್ಳುವುದು ಅನಿವಾರ್ಯವಾದ ಮಂದಿಗೂ ನಡುವೆ ಬೇಲಿ ಬೀಳುತ್ತದೆ.

ಡೇನರು ಇದನ್ನು ಬೇಗ ಗುರುತಿಸಿದರು. 1978ರಲ್ಲಿ ಹೆರ್ಫೊಲ್ಗೆ ಬಳಿ ಕಟ್ಟಿದ ಟಿಂಗ್‌ಗೋರ್ಡನ್ ಬಾಡಿಗೆ ಮನೆಗಳ ವಸತಿ. ಆರು ಗುಂಪುಗಳು, ಗುಂಪಿಗೊಂದು ಕೂಡುಮನೆ. 1981ರ ಕಾನೂನು ಸಹಕಾರಿ ವಸತಿ ಸಂಘಗಳಿಗೆ ಸರ್ಕಾರದ ಬೆಂಬಲದ ಸಾಲ ಸಿಗುವಂತೆ ಮಾಡಿತು. ಆ ದಶಕದಲ್ಲಿ ಸಹವಾಸ ವಸತಿಗಳು ಒಮ್ಮೆಲೇ ಹೆಚ್ಚಿದ್ದಕ್ಕೆ ಆದರ್ಶಕ್ಕಿಂತ ಈ ಕಾನೂನೇ ದೊಡ್ಡ ಕಾರಣ. ಅಮೆರಿಕದಲ್ಲಿ ಅಂಥ ಆಸರೆ ಇರಲಿಲ್ಲ. ಇಥಾಕದವರು ಹಣವನ್ನು ತಾವೇ ಹೊಂದಿಸಬೇಕಾಯಿತು.

ಗುಡ್ಡದ ಮೇಲಿರುವುದಕ್ಕೆ ತೆರಬೇಕಾದ ಬೆಲೆ ಇನ್ನೊಂದು. ಪಟ್ಟಣ ಸುಮಾರು ಮೂರು ಕಿಲೋಮೀಟರ್ ದೂರ, ದಾರಿ ಏರು. ಬೇಸಗೆಯಲ್ಲಿ ಸೈಕಲ್ ತುಳಿಯಬಹುದು, ಜನವರಿಯ ಹಿಮದಲ್ಲಿ ಆಗದು. ಎಷ್ಟೇ ಬಿಸಿಲು ಹಿಡಿದಿಟ್ಟರೂ, ಎಷ್ಟೇ ತರಕಾರಿ ಬೆಳೆದರೂ, ಕಚೇರಿ ಶಾಲೆಗಳಿಗೆ ಕಾರು ಬೇಕು. ಒಂದೇ ಕಾರನ್ನು ಹಲವರು ಬಳಸುವುದು, ಬಸ್ಸು ಹತ್ತಿಸುವುದು ಮುಂತಾದ ಉಪಾಯಗಳಿಂದ ಕಾರುಗಳು ಕಡಿಮೆಯಾದವೇ ಹೊರತು ಇಲ್ಲವಾಗಲಿಲ್ಲ. ಹಳ್ಳಿಯಲ್ಲಿದ್ದು ಪೇಟೆಯಲ್ಲಿ ದುಡಿಯುವವರ ಪರಿಸರಪ್ರೇಮಕ್ಕೆ ಇದು ಎಲ್ಲ ಕಡೆಯೂ ಎದುರಾಗುವ ತೊಡಕು.

ಇನ್ನು ಮಕ್ಕಳಿಗಾಗಿ ಕಟ್ಟಿದ ಊರುಗಳಲ್ಲಿ ಮಕ್ಕಳು ದೊಡ್ಡವರಾಗಿ ಹೊರಟುಹೋದರು. ನೂರು ತಂದೆ ತಾಯಿಯರು ಹಿಂದೆ ಉಳಿದು ಅಜ್ಜ ಅಜ್ಜಿಯರಾದರು. ಡೆನ್ಮಾರ್ಕಿನಲ್ಲಿ 1987ರಲ್ಲಿ, ಕೋಪನ್‌ಹೇಗನ್ನಿನ ಮಿಡ್‌ಗೋರ್ಡನ್‌ನಿಂದ ಮೊದಲುಗೊಂಡು, ವಯಸ್ಸಾದವರಿಗೆಂದೇ ಸಹವಾಸ ವಸತಿಗಳು ಹುಟ್ಟಿದವು. ಇಥಾಕದವರು ಹಾಗೆ ಬೇರೆ ಮಾಡಲು ಒಪ್ಪಲಿಲ್ಲ. ಮೊದಲ ಕೇರಿಯ ನಂತರ 30 ಮನೆಗಳ ಎರಡನೆಯ ಕೇರಿ ಬಂದಿತ್ತು. 2015ರಲ್ಲಿ ಮುಗಿದ ಮೂರನೆಯದರಲ್ಲಿ 40 ಮನೆ. ಅಲ್ಲಿಗೆ ಒಟ್ಟು ನೂರಾಯಿತು. ಈ ಮೂರನೆಯ ಕೇರಿಯಲ್ಲಿ ಬಿಡಿಮನೆಗಳ ಜೊತೆ 15 ಫ್ಲಾಟುಗಳಿರುವ ಒಂದು ಬಹುಮಹಡಿ ಕಟ್ಟಡವೂ ಇದೆ. ಮೆಟ್ಟಿಲು ಹತ್ತಲಾಗದವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ದೊಡ್ಡ ಮನೆ ಕೊಳ್ಳುವಷ್ಟು ಹಣವಿಲ್ಲದ ಒಂಟಿ ಜೀವಿಗಳಿಗೆ ಅನುಕೂಲವಾಗಲೆಂದು ಅದನ್ನು ಕಟ್ಟಿದರು. ಊಟದ ಹಜಾರವನ್ನು ಅದೇ ಕಟ್ಟಡದ ಕೆಳಗಿಟ್ಟರು. ಲಿಫ್ಟ್ ಇಳಿದರೆ ಅಡುಗೆಮನೆ. ಸ್ಟಾಕ್‌ಹೋಮಿನ ಲಿಫ್ಟ್ ಊಟವನ್ನು ಮೇಲಕ್ಕೆ ಒಯ್ಯುತ್ತಿತ್ತು, ಇಥಾಕದ್ದು ಉಣ್ಣುವವರನ್ನೇ ಕೆಳಕ್ಕೆ ತರುತ್ತದೆ.